ರೊಟ್ಟಿ ಮುರಿಯದ ಊರು

ಮೇ ತಿಂಗಳ ಮಧ್ಯಾಹ್ನ. ಕರೆಂಟ್ ಹೋಗಿ ಅರ್ಧ ತಾಸಾಗಿತ್ತು. ನಾನು ಫರ್ಸಿಗೆ ನೀರು ಚಿಮುಕಿಸಿ, ಬರೀ ಬನಿಯನ್ ಮೇಲೆ ಮಲಗಿದ್ದೆ. ಫೋನ್ ಬಂತು. ಬೆಂಗಳೂರಿನಿಂದ ಮಗ.

"ಅಪ್ಪಾ, ಇಲ್ಲಿ ನಾವು ಫ್ಯಾನೇ ಹಚ್ಚಿಲ್ಲ ನೋಡ್ರಿ."

ಮೇ ತಿಂಗಳಲ್ಲಿ ಕಲಬುರಗಿಯವರಿಗೆ ಏನು ಬೇಕಾದರೂ ಹೇಳಬಹುದು, ಇದೊಂದನ್ನು ಹೇಳಬಾರದು. ಅವತ್ತು ನಮ್ಮಲ್ಲಿ 43 ಡಿಗ್ರಿ. ಫ್ಯಾನ್ ಹಚ್ಚಿಲ್ಲ ಅನ್ನೋದು ಬೆಂಗಳೂರಿಗರಿಗೆ ಹವೆಯ ಸುದ್ದಿಯಲ್ಲ, ಒಂದು ಪದವಿ. 2024ರ ಏಪ್ರಿಲ್ ಕೊನೆಗೆ ಅಲ್ಲೂ 38.5 ಡಿಗ್ರಿ ಆಗಿತ್ತು. ಅವತ್ತು ಇವನ ಫೋನ್ ಬರಲಿಲ್ಲ. ಆ ಬೇಸಿಗೆಯಲ್ಲಿ ಇವನ ಅಪಾರ್ಟ್‌ಮೆಂಟಿನವರು ಕೊಡ ಹಿಡಿದು ಟ್ಯಾಂಕರ್ ದಾರಿ ಕಾಯ್ದದ್ದನ್ನು ನಾನು ಸೊಸೆಯ ಬಾಯಿಂದ ಕೇಳಿದೆ.

ನಾನು ರಿಟೈರ್ ಆದಾಗಿನಿಂದ ಇದೇ ಕಥೆ. ಮಗ ಬೆಂಗಳೂರಿಗೆ ಬನ್ನಿ ಅಂತಾನೆ. ಮಗಳು ಹೈದರಾಬಾದಿಗೆ ಬನ್ನಿ ಅಂತಾಳೆ. ನಾನು ಮತ್ತು ನಮ್ಮಾಕಿ ನಡುವೆ ಸಿಕ್ಕಿದ್ದೇವೆ. ಭಾನುವಾರ ಇಬ್ಬರೂ ಒಂದೇ ಕಾಲ್‌ನಲ್ಲಿ ಸೇರಿದರಂತೂ ನಮ್ಮ ಮಾತಿಗೆ ಜಾಗವೇ ಇರುವುದಿಲ್ಲ.

ಮಗ ಮೆಟ್ರೊ ತೆಗೆಯುತ್ತಾನೆ. ನಮ್ಮದು 2011ರಲ್ಲೇ ಬಂತು, ನಿಮ್ಮದು 2017ರಲ್ಲಿ ಅಂತ. ಮಗಳು ಬಾಡಿಗೆ ತೆಗೆಯುತ್ತಾಳೆ. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರ, ಇಲ್ಲಿ ಎರಡು ತಿಂಗಳದ್ದು ಕೊಟ್ಟರ ಕೀಲಿಕೈ ಕೊಡ್ತಾರ ಅಂತಾಳೆ. ಆಗ ಮಗನಿಗೆ ಕನ್ನಡ ನೆನಪಾಗುತ್ತದೆ. "ಅಲ್ಲಿ ಅಪ್ಪಗ ಕನ್ನಡ ಮಾತಾಡಲಿಕ್ಕೆ ಯಾರು ಸಿಗ್ತಾರ?" "ನಿನ್ನ ಬಿಲ್ಡಿಂಗ್‌ನಾಗ ಎಷ್ಟು ಮಂದಿ ಸಿಕ್ಕಾರ, ಎಣಿಸಿ ಹೇಳು" ಅಂತಾಳೆ ಅವಳು. ಮಗ ಸುಮ್ಮನಾಗುತ್ತಾನೆ.

ನನ್ನ ಅನುಭವ ಬೇರೆ. ಹೈದರಾಬಾದಿನಲ್ಲಿ ನನ್ನ ದಖ್ಖನಿ ಉರ್ದು ಚೆನ್ನಾಗಿ ನಡೆಯುತ್ತದೆ. ಒಂದು 'ಹೌ', ಒಂದು 'ನಕ್ಕೋ' ಅಂದರೆ ಸಾಕು, ಆಟೋದವನು ನಮ್ಮವನೇ ಆಗುತ್ತಾನೆ. ಬೆಂಗಳೂರಿನಲ್ಲಿ ನಾನು ಬಾಯಿ ಬಿಟ್ಟರೆ "ಹುಬ್ಬಳ್ಳಿನಾ ಸಾರ್?" ಅಂತಾರೆ. ಇಪ್ಪತ್ತು ಸಲ ಅಲ್ಲ ಅಂದೆ. ಈಗ ಹೌದು ಅಂದುಬಿಡುತ್ತೇನೆ.

ನೀರಿನ ವಿಷಯದಲ್ಲಿ ಇಬ್ಬರೂ ಎದೆ ಸೆಟೆಸುವಂತಿಲ್ಲ. ಬೆಂಗಳೂರಿನ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಿನಲ್ಲಿ ಮೇಲೆ ಹತ್ತಿ ಬರಬೇಕು. ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದ್ ಬಿಡುವುದಿಲ್ಲ ಅಂತ ಮಗಳು ಗಾದೆ ಹೇಳುತ್ತಾಳೆ. ಆ ಗಂಡಿಪೇಟೆ ಕೆರೆಯ ಹಿಂದೆ ಇದ್ದ ತಲೆ ನಮ್ಮ ವಿಶ್ವೇಶ್ವರಯ್ಯನವರದ್ದು, 1908ರ ಮೂಸಿ ಪ್ರವಾಹದ ನಂತರದ ಕೆಲಸ ಅಂತ ನಾನು ತಿರುಗಿ ಹೇಳುತ್ತೇನೆ. ಹೈದರಾಬಾದಿಗೆ ಹೋಗುವ ಮಾಂಜ್ರಾ ನದಿಯ ನೀರೂ ಅಷ್ಟೇ, ನಮ್ಮ ಬೀದರ್ ಜಿಲ್ಲೆ ದಾಟಿಕೊಂಡೇ ಹೋಗಬೇಕು. ಅಂದರೆ ನಮ್ಮ ಕಡೆಯ ನೀರು ಕುಡಿದು ನಮಗೇ ಗಾದೆ!

ಇದು ಹೊಸ ಜಗಳವಲ್ಲ ಬಿಡಿ. ನಮ್ಮ ಮುತ್ಯಾನ ಕಾಲದಲ್ಲಿ ದೊಡ್ಡ ಊರು ಅಂದರೆ ಹೈದರಾಬಾದ್ ಒಂದೇ. ನಿಜಾಮನ ರಾಜ್ಯ. ಮುತ್ಯಾನ ಹೊಲದ ಕಾಗದಗಳು ಇನ್ನೂ ಉರ್ದುವಿನಲ್ಲಿವೆ. 1956ರ ನವೆಂಬರ್ 1ಕ್ಕೆ ರಾಜಧಾನಿ ಬೆಂಗಳೂರಾಯಿತು. ಮುತ್ಯಾ ಕಟ್ಟೆ ಬಿಟ್ಟು ಕದಲಿರಲಿಲ್ಲ, ರಾಜಧಾನಿಯೇ ಎದ್ದು ಮೂರು ಪಟ್ಟು ದೂರ ಹೋಗಿ ಕೂತಿತು. ಇನ್ನೂ ಹಿಂದೆ, 1347ರಿಂದ, ನಮ್ಮೂರೇ ಬಹಮನಿಗಳ ರಾಜಧಾನಿ. ಆಮೇಲೆ ಅಹಮದ್ ಶಾ ಬೀದರಿಗೆ ಶಿಫ್ಟ್ ಆದ. ಅಲ್ಲಿಯ ತಂಪು ಹವೆಯೂ ಒಂದು ಕಾರಣ ಅಂತಾರೆ. ಹಿಂದೆ ಉಳಿದವರಿಗೆ ಅವನೂ ಪತ್ರ ಬರೆದಿರಬೇಕು, ಇಲ್ಲಿ ಬೀಸಣಿಗೆಯೇ ಬೇಕಿಲ್ಲ ಅಂತ.

ಆದರೂ ಒಂದು ತೀರ್ಮಾನಕ್ಕೆ ಬರಬೇಕು ಅಲ್ವಾ? ನಾನು ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ಬರೆದವನು. ಬಾಯಿಮಾತು ನಂಬುವುದಿಲ್ಲ. ಅದಕ್ಕೇ ರೊಟ್ಟಿಯ ಲೆಕ್ಕ ಶುರು ಮಾಡಿದೆ.

ತಿಂಗಳಿಗೊಮ್ಮೆ ನಮ್ಮಾಕಿ ಮಕ್ಕಳಿಬ್ಬರಿಗೂ ತಲಾ 50 ಕಡಕ್ ರೊಟ್ಟಿ ಕಳಿಸುತ್ತಾಳೆ. ಮೆಡಿಕಲ್ ಅಂಗಡಿಯಿಂದ ಖಾಲಿ ಪೆಟ್ಟಿಗೆ ತರುವುದು, ಹಳೆ ಧೋತರದ ಅರಿವೆ ಹಾಸುವುದು, ಸಂದಿಯಲ್ಲಿ ಶೇಂಗಾ ಹಿಂಡಿಯ ಪೊಟ್ಟಣ ತುರುಕುವುದು, ಬಸ್ಸಿಗೆ ಕೊಟ್ಟು ಬರುವುದು ನನ್ನ ಕೆಲಸ. ನಿಯಮ ಒಂದೇ. ಪೆಟ್ಟಿಗೆ ಮುಟ್ಟಿದ ತಕ್ಷಣ ಎಣಿಸಿ, ಎಷ್ಟು ಮುರಿದಿವೆ ಅಂತ ತಿಳಿಸಬೇಕು. ಯಾವ ಊರಿಗೆ ನಮ್ಮ ರೊಟ್ಟಿ ಇಡಿಯಾಗಿ ಹೋಗುತ್ತದೋ ಆ ಊರಿಗೆ ನಾವೂ ಇಡಿಯಾಗಿ ಹೋಗಬಹುದು. ಇದರಲ್ಲಿ ತಪ್ಪೇನಿದೆ?

ಮೊದಲ ತಿಂಗಳು ಬೆಂಗಳೂರಿನಲ್ಲಿ ಮುರಿದದ್ದು 14. ಹೈದರಾಬಾದಿನಲ್ಲಿ 23. ನನಗೆ ನಂಬಿಕೆಯೇ ಬರಲಿಲ್ಲ. ಬೆಂಗಳೂರು ಆರುನೂರು ಕಿಲೋಮೀಟರಿನ ಹತ್ತಿರ, ಹೈದರಾಬಾದ್ ಇನ್ನೂರ ಚಿಲ್ಲರೆ. ಹತ್ತಿರದ ಊರಲ್ಲೇ ಜಾಸ್ತಿ ಮುರಿಯುವುದೆಂದರೆ? ಮಗ ಮೋಸ ಮಾಡುತ್ತಿದ್ದಾನೆ ಅನಿಸಿತು. ಫೋಟೊ ಕೇಳಿದೆ. ಅಂಚು ಹಾರಿದ್ದನ್ನು ಅವನು ಮುರಿದದ್ದರಲ್ಲಿ ಸೇರಿಸಿರಲಿಲ್ಲ. ಸೇರಿಸಿದರೆ 17. ಆದರೂ ಕಡಿಮೆಯೇ.

ಮುಂದಿನ ತಿಂಗಳು ಬಸ್‌ ಸ್ಟ್ಯಾಂಡಿನಲ್ಲಿ ನಿಂತು ನೋಡಿದೆ. ಬೆಂಗಳೂರಿನದು ರಾತ್ರಿ ಬಸ್ಸು, ಪೆಟ್ಟಿಗೆ ಡಿಕ್ಕಿಯಲ್ಲಿ ಹಾಯಾಗಿ ಮಲಗಿತು. ಹೈದರಾಬಾದಿನ ಪೆಟ್ಟಿಗೆಯನ್ನು ಡ್ರೈವರ್ ಪಕ್ಕ ಇಟ್ಟರು. ಬಸ್ಸು ಬಿಡುವ ಮೊದಲೇ ಒಬ್ಬ ದಪ್ಪ ಮನುಷ್ಯ ಬಂದು ಅದರ ಮೇಲೆ ಕೂತ. ಹುಮನಾಬಾದಿನಲ್ಲಿ ಇಳಿಯುವವನಂತೆ. "ರೊಟ್ಟಿ ಅದಾವ್ರಿ ಅದರಾಗ" ಅಂದೆ. ಕಂಡಕ್ಟರ್ ನನ್ನನ್ನೇ ಗದರಿಸಿದ. "ಕಾಕಾ, ರೊಟ್ಟಿನೇ ಅಲ್ಲೇನ್ರಿ? ಗಾಜು ಕಳಸಲತ್ತೀರೇನು?"

ಅದೇ ಉಪಾಯವಾಯಿತು. ಮೂರನೇ ತಿಂಗಳು ಎರಡೂ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಗಾಜು' ಅಂತ ಬರೆದೆ. ಹೈದರಾಬಾದಿನದಕ್ಕೆ ಪಕ್ಕದ ಮನೆಯ ಮಾಸ್ತರರಿಂದ ಉರ್ದುವಿನಲ್ಲೂ ಬರೆಸಿದೆ. ಹೈದರಾಬಾದ್ 9ಕ್ಕೆ ಇಳಿಯಿತು! ಬೆಂಗಳೂರಿನ ಬಸ್ಸಿನವನು ಮಾತ್ರ ಗಾಜು ನೋಡಿ ಜಾಸ್ತಿ ದುಡ್ಡು ಕೇಳಿದ. ಬರೀ ರೊಟ್ಟಿ ಅಂತ ಹೇಳಲು ಬಾಯಿ ಬರಲಿಲ್ಲ. ಕೊಟ್ಟೆ. ನಾಲ್ಕನೇ ತಿಂಗಳು ರೊಟ್ಟಿಗಳನ್ನು ಕಪಾಟಿನ ಪುಸ್ತಕದಂತೆ ನಿಲ್ಲಿಸಿ ಕಟ್ಟಿದೆ. ಎರಡೂ ಕಡೆ 6. ಐದನೇ ತಿಂಗಳು ಸ್ಟೀಲ್ ಡಬ್ಬಿಯಲ್ಲಿ ಕಳಿಸಿದೆ. ಒಂದೂ ಮುರಿಯಲಿಲ್ಲ, ಆದರೆ ಎರಡೂ ಡಬ್ಬಿ ಇಂದಿಗೂ ವಾಪಸ್ ಬಂದಿಲ್ಲ. ಆ ವಾರ ನಮ್ಮಾಕಿ ನನ್ನ ಜೊತೆ ಮಾತಾಡಲಿಲ್ಲ.

ಇಷ್ಟೆಲ್ಲ ಆದ ಮೇಲೆ ಮಗಳು ಅಂತಾಳೆ, "ಅಪ್ಪಾ, ಹ್ಯಾಂಗಿದ್ರೂ ಮುರಕೊಂಡೇ ತಿಂತೀವಲ್ಲ." ಲೆಕ್ಕ ಬಲ್ಲವರು ಆಡುವ ಮಾತೇ ಇದು? ಇವಳನ್ನು ಎಂಜಿನಿಯರಿಂಗ್ ಓದಿಸಿದ್ದು ನಾನೇ.

ಮೊನ್ನೆ ಪುಣೆಯಿಂದ ನಮ್ಮ ತಮ್ಮನ ಮಗ ಫೋನ್ ಮಾಡಿದ್ದ. "ದೊಡ್ಡಪ್ಪಾ, ಆ ಎರಡೂ ಊರು ಬಿಡ್ರಿ. ಪುಣೆಕ್ಕ ಬರ್ರಿ. ಉದ್ಯಾನ್ ಎಕ್ಸ್‌ಪ್ರೆಸ್‌ನಾಗ ಕುಂತರ ಸೀದಾ ಬರ್ತೀರಿ." ಇದು ನನಗೆ ಹೊಳೆದೇ ಇರಲಿಲ್ಲ. ರೈಲು ಬಸ್ಸಿನಷ್ಟು ಕುಲುಕುವುದಿಲ್ಲ. ಡೈರಿ ತೆಗೆದು ಮೂರನೇ ಕಾಲಮ್ ಹಾಕಿದೆ. ತಲೆಗೆ ಪುಣೆ ಅಂತ ಬರೆದೆ. ಅಡಿಗೆಮನೆಯ ಬಾಗಿಲಿಗೆ ಹೋಗಿ, ಈ ತಿಂಗಳು ಇನ್ನೊಂದು 50 ಬಡಿಯಬೇಕಾಗುತ್ತದೆ ಅಂದೆ.

ನಮ್ಮಾಕಿ ಒಲೆಯ ಮುಂದೆ ಇದ್ದಳು. ನಮ್ಮ ಅಡಿಗೆಮನೆಯಲ್ಲೂ ಫ್ಯಾನ್ ಹಚ್ಚುವುದಿಲ್ಲ, ಗ್ಯಾಸಿನ ಉರಿ ಆರುತ್ತದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಗಳಿಗೆ ನನ್ನನ್ನೇ ನೋಡಿದಳು.

"ಹಿಟ್ಟು ಡಬ್ಬ್ಯಾಗ ಅದ" ಅಂದಳು. "ನೀವೇ ಬಡೀರಿ."