ಮಿಂಚುಳ್ಳಿಯೂ ಸೋರುವ ಮಾಡೂ

ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ, ಸೋರುವ ಹೆಂಚಿನ ಕೆಳಗೆ ಮೂರನೆಯ ಪಾತ್ರೆಯನ್ನು ಇಡುತ್ತಿದ್ದಾಗ, ಮೊಮ್ಮಗಳು ತನ್ನ ಮಾಯಾಲೋಕದ ಕಾದಂಬರಿಯಿಂದ ತಲೆಯೆತ್ತಿ, ‘ಅಜ್ಜಾ, ಮಿಂಚುಳ್ಳಿಯ ಗರಿ ಇದ್ದರೆ ಬಿರುಗಾಳಿಯೇ ನಿಲ್ಲುತ್ತದಂತೆ’ ಎಂದಳು. ನನಗೆ ರೇಗಿತು. ಹೆಂಚು ಹೊದಿಸುವವನು ಹದಿನೈದು ದಿನಗಳಿಂದ ‘ನಾಳೆ’ ಎನ್ನುತ್ತಿರುವಾಗ ಗರಿಯ ಮಾತು ಯಾರಿಗೆ ಬೇಕು?

ಇಂತಹ ಕಥೆಗಾರರ ಮೂಲ ಬಂಡವಾಳ ಗ್ರೀಕರದು. ಕಡಲಿನಲ್ಲಿ ಮುಳುಗಿ ಸತ್ತ ಗಂಡ ಸೀಯಿಕ್ಸನಿಗಾಗಿ ನೀರಿಗೆ ಹಾರಿದ ಆಲ್ಸಿಯೋನಿ ಮಿಂಚುಳ್ಳಿಯಾದಳು. ಗಾಳಿಯ ಒಡೆಯನಾದ ಅವಳ ತಂದೆ ಇಯೋಲಸ್, ಮಗಳು ತೇಲುವ ಗೂಡಿನಲ್ಲಿ ನೆಮ್ಮದಿಯಾಗಿ ಕಾವು ಕೂರಲೆಂದು ನಡುಚಳಿಗಾಲದ 14 ದಿನ ಗಾಳಿಯನ್ನೇ ಕಟ್ಟಿಹಾಕುತ್ತಿದ್ದನಂತೆ. ಬಾಣಂತನಕ್ಕೆ ತವರಿನವರು ಇಷ್ಟು ದೊಡ್ಡ ಏರ್ಪಾಡು ಮಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆದರೆ ಗೂಡಿನ ವಿಷಯದಲ್ಲಿ ನನ್ನ ಮುಂದೆ ಯಾರೂ ಕವಿತ್ವ ಮಾಡಬಾರದು. ಹನ್ನೊಂದನೆಯ ವಯಸ್ಸಿನಲ್ಲಿ, ಮಳೆಗಾಲಕ್ಕೆ ಮುಂಚೆ, ತುಂಗೆಯ ದಂಡೆಯ ದರೆಯಲ್ಲಿ ಕಂಡ ಬಿಲವೊಂದಕ್ಕೆ ಮೊಳಕೈಯವರೆಗೂ ಕೈ ತೂರಿಸಿದ್ದೆ. ಮಿಂಚುಳ್ಳಿ ಎಲ್ಲಿಂದಲೋ ಬಂದು ಕಿರುಚುತ್ತ ತಲೆಯ ಮೇಲೆ ಹಾದುಹೋಯಿತು. ಬೆರಳಿಗೆ ಮೊಟ್ಟೆ ಸಿಗಲಿಲ್ಲ. ಮೀನಿನ ಮುಳ್ಳುಗಳು ಸಿಕ್ಕವು, ಜೊತೆಗೆ ಬೆಚ್ಚಗೆ ಅಂಟಿಕೊಳ್ಳುವ ಏನೋ ಒಂದು. ಅಮ್ಮ ಸೀಗೆಪುಡಿಯಿಂದ ಮೂರು ಸಲ ಉಜ್ಜಿದರೂ ಆ ನಾತ ಹೋಗಲಿಲ್ಲ. ವಾರದಲ್ಲಿ ನಾಲ್ಕು ದಿನ ಮೀನುಸಾರು ಉಣ್ಣುವ ನಮ್ಮ ಮನೆಯಲ್ಲಿಯೇ ಆ ರಾತ್ರಿ ನನಗೆ ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿಕೊಟ್ಟರು. ಪಕ್ಕದಲ್ಲಿ ಮಲಗಿದ್ದ ನಾಯಿಯೊಂದೇ ನನ್ನ ಕೈಯನ್ನು ಬೆಳಗಿನವರೆಗೆ ಭಕ್ತಿಯಿಂದ ಮೂಸುತ್ತಿತ್ತು.

ನನ್ನ ಮಾತಿಗೆ ಬಲ ಬರಲೆಂದು ಮೊಮ್ಮಗಳಿಗೆ ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನನ ಸಂಗತಿಯನ್ನೂ ಹೇಳಿದೆ. ಒಣಗಿದ ಮಿಂಚುಳ್ಳಿಯನ್ನು ತೂಗುಹಾಕಿದರೆ ಅದು ಗಾಳಿ ಬೀಸುವ ದಿಕ್ಕನ್ನು ತೋರುತ್ತದೆಂದು ಅಲ್ಲಿನ ಜನ ನಂಬಿದ್ದರು. 1646ರಲ್ಲಿ ಜನರ ತಪ್ಪು ನಂಬಿಕೆಗಳ ಕುರಿತು ಗ್ರಂಥ ಪ್ರಕಟಿಸಿದ ಈ ಮನುಷ್ಯ, ಹಕ್ಕಿಯನ್ನು ರೇಷ್ಮೆಯ ಎಳೆಯಲ್ಲಿ ಕಟ್ಟಿ ನೋಡಿಯೇಬಿಟ್ಟ. ಒಂದೇ ಕೋಣೆಯಲ್ಲಿ ಎರಡನ್ನು ತೂಗುಬಿಟ್ಟರೆ ಅವು ಎಷ್ಟೋ ಸಲ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡುತ್ತಿದ್ದವು, ನಮ್ಮ ಮನೆಯಲ್ಲಿ ಆಸ್ತಿ ಪಾಲಾದ ಮೇಲಿನ ಚಿಕ್ಕಪ್ಪಂದಿರ ಹಾಗೆ.

ಮೊಮ್ಮಗಳು ಪುಟ ಮಡಿಸಿ, ‘ಸತ್ತ ಹಕ್ಕಿಯನ್ನು ಕಟ್ಟಿದರೆ ಮತ್ತೇನಾಗುತ್ತದೆ?’ ಎಂದಳು. ಉತ್ತರ ಹೊಳೆಯುವ ಮೊದಲೇ ಅವಳ ಪುಸ್ತಕದ ಮೇಲೆ ಒಂದು ಹನಿ ಬಿತ್ತು. ನಾನು ನಾಲ್ಕನೆಯ ಪಾತ್ರೆ ಹುಡುಕಲು ಒಳಗೆ ಹೋದೆ.