ಫಾಂಡ್ಯೂ ಜೊತೆ ಯಾವ ವೈನ್? ನನ್ನ ಮತ ಗಡಿಯಾಚೆಗೆ

ಸ್ವಿಟ್ಜರ್‌ಲ್ಯಾಂಡಿಗೆ ಬಂದ ಮೊದಲ ಚಳಿಗಾಲ. ಫಾಂಡ್ಯೂ, ಅಂದರೆ ವೈನ್ ಸೇರಿಸಿ ಕರಗಿಸಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವ ಊಟಕ್ಕೆ ಕರೆದವರ ಮನೆಗೆ ಒಳ್ಳೆ ಗಡುಸಾದ ಕೆಂಪು ವೈನ್ ತೆಗೆದುಕೊಂಡು ಹೋದೆ. ಊಟ ಭಾರಿ, ವೈನೂ ಭಾರಿ ಇರಲಿ ಅಂತ ನನ್ನ ಲೆಕ್ಕ. ಅವರು ನಗುನಗುತ್ತಾ ಬಾಟಲಿಯನ್ನು ಕಪಾಟಿಗೆ ಸೇರಿಸಿ, ತಣ್ಣಗಿನ ಬಿಳಿ ವೈನ್ ತಂದಿಟ್ಟರು. ಸ್ವಲ್ಪ ಬೇಜಾರಾಯಿತು. ಆಮೇಲೆ ನಮ್ಮನೆಯಲ್ಲೇ ಕೆಂಪು ವೈನ್ ಜೊತೆ ತಿಂದು ನೋಡಿದೆ. ವೈನಿನ ಒಗರಿಗೆ ಚೀಸಿನ ಉಪ್ಪು ಸೇರಿ ಬಾಯೆಲ್ಲ ಕಹಿ.

ಜಿಡ್ಡು ಜಾಸ್ತಿಯಾದರೆ ನಾಲಿಗೆ ಹುಳಿ ಕೇಳುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ? ನಾವು ಹುಣಸೆಹುಳಿಯನ್ನು ಸಾರಿಗೇ ಹಾಕುತ್ತೇವೆ, ಕೊನೆಗೆ ಮಜ್ಜಿಗೆಯನ್ನೂ ಕಲಸುತ್ತೇವೆ. ಇವರ ಹುಳಿ ಲೋಟದಲ್ಲಿರುತ್ತದೆ. ಪಾತ್ರೆಗೂ ಅದೇ ಬೀಳುತ್ತದೆ, ಏಕೆಂದರೆ ಕರಗುವ ಚೀಸ್ ಗಂಟುಕಟ್ಟದಂತೆ ತಡೆಯುವುದರಲ್ಲಿ ವೈನಿನ ಹುಳಿಯ ಪಾಲು ದೊಡ್ಡದು. ಪಾತ್ರೆಗೆ ಸುರಿದದ್ದನ್ನೇ ಕುಡಿಯುವುದು ಇಲ್ಲಿನ ರೂಢಿ. ದುಬಾರಿ ಬಾಟಲಿ ಸುಮ್ನೆ ದಂಡ.

ಆ ವೈನ್ ಹೆಚ್ಚಾಗಿ ಶಾಸ್ಲಾ ದ್ರಾಕ್ಷಿಯದು. ವಾಲೇ ಪ್ರಾಂತ್ಯದಲ್ಲಿ ಅದನ್ನೇ ಫಾಂದಾ ಅನ್ನುತ್ತಾರೆ. ಜಿನೀವಾ ಸರೋವರದ ದಂಡೆಯಲ್ಲಿ, 2007ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಲಾವೋ ಇಳಿಜಾರುಗಳ ತುಂಬಾ ಇದರ ಬಳ್ಳಿಗಳೇ. ಚೀಸ್ ಎಲ್ಲಿಯದೋ ವೈನೂ ಅಲ್ಲಿಯದೇ ಆಗಬೇಕು ಅನ್ನುವ ಹಟ ನನಗೆ ಇಷ್ಟ. ಆದರೆ ಗ್ರೂಯೆರ್ ಮತ್ತು ವಾಶ್ರಾಂ ಎಂಬ ಚೀಸ್‌ಗಳನ್ನು ಅರ್ಧರ್ಧ ಬೆರೆಸಿದ ಫಾಂಡ್ಯೂ ಮುಂದೆ ಶಾಸ್ಲಾ ತೀರಾ ಸಾಧು. ಅದರಲ್ಲಿ ಹುಳಿ ಸಾಲದು. ಗಡಿ ದಾಟಿದರೆ ಫ್ರಾನ್ಸಿನ ಸವೋಯ್. ಅಲ್ಲಿನವರು ಜಾಕೇರ್ ದ್ರಾಕ್ಷಿಯ ಆಪ್ರೆಮೋಂ ಎಂಬ ಬಿಳಿ ವೈನ್ ಕುಡಿಯುತ್ತಾರೆ. ತೆಳ್ಳಗೆ, ಚುರುಕಾಗಿರುತ್ತದೆ. ಒಂದು ಗುಟುಕಿಗೆ ಬಾಯಿ ತೊಳೆದಂತಾಗಿ ಮುಂದಿನ ತುತ್ತಿಗೆ ರುಚಿ ಬರುತ್ತದೆ. ಇದನ್ನು ಇಲ್ಲಿನ ಗೆಳೆಯರ ಎದುರು ಹೇಳಿ ಬೈಸಿಕೊಂಡಿದ್ದೇನೆ. ಮಾತು ವಾಪಸ್ ತೆಗೆದುಕೊಂಡಿಲ್ಲ.

ರಾಕ್ಲೆಟ್ ಬೇರೆ ಕಥೆ. ಕರಗಿದ ಚೀಸನ್ನು ಬೇಯಿಸಿದ ಆಲೂಗಡ್ಡೆ ಮೇಲೆ ಹೆರೆದು ಹಾಕುತ್ತಾರೆ. ಪಕ್ಕದಲ್ಲಿ ವಿನೆಗರ್‌ನಲ್ಲಿ ನೆನೆದ ಪುಟ್ಟ ಸೌತೆಕಾಯಿ, ಈರುಳ್ಳಿ. ಹುಳಿ ತಟ್ಟೆಯಲ್ಲೇ ಇದೆಯಲ್ಲ, ಹಾಗಾಗಿ ಶಾಸ್ಲಾ ಇಲ್ಲಿ ಗೆಲ್ಲುತ್ತದೆ. ಗಾಮೇ ದ್ರಾಕ್ಷಿಯ ಹಗುರಾದದ್ದಾದರೆ ಕೆಂಪು ವೈನೂ ನಡೆಯುತ್ತದೆ.

ಫಾಂಡ್ಯೂ ಜೊತೆ ನೀರು ಕುಡಿದರೆ ಚೀಸ್ ಹೊಟ್ಟೆಯಲ್ಲಿ ಉಂಡೆಕಟ್ಟುತ್ತದೆ ಎಂದು ಇಲ್ಲಿ ಹಲವರು ಹೆದರಿಸುತ್ತಾರೆ. ವೈನ್ ಕುಡಿ, ಇಲ್ಲವೇ ಚಹಾ ಕುಡಿ ಅನ್ನುತ್ತಾರೆ. ಜ್ಯೂರಿಕ್‌ನ ವೈದ್ಯರು 20 ಜನರಿಗೆ ಫಾಂಡ್ಯೂ ತಿನ್ನಿಸಿ, ಒಮ್ಮೆ ವೈನ್, ಒಮ್ಮೆ ಚಹಾ ಕೊಟ್ಟು ಪರೀಕ್ಷಿಸಿದ್ದರು. 2010ರಲ್ಲಿ ಅದು ಪ್ರಕಟವಾಯಿತು. ವೈನ್ ಕುಡಿದಾಗ ಹೊಟ್ಟೆ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಿತು. ಹೊಟ್ಟೆಭಾರದ ದೂರುಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಕಾರು ಓಡಿಸಬೇಕಾದ ರಾತ್ರಿ ನಾನೂ ಚಹಾವನ್ನೇ ಕೇಳುತ್ತೇನೆ. ಹಾಲಿಲ್ಲದ ಕರಿ ಚಹಾ ಬರುತ್ತದೆ. ಕೆಂಪು ವೈನಿನ ಒಗರು ಬೇಡ ಅನ್ನುವವರು ಇದನ್ನು ಹೇಗೆ ಕುಡಿಯುತ್ತಾರೋ!