ಸಮುದ್ರಕ್ಕ ಹೋಗೂ ಮದಲ ನಳಾ ಬರೂ ದಿನಾ ನೋಡ್ರಿ

ಬ್ಯಾಸಗಿ ಸೂಟಿ ಬಂತಂದ್ರ ಆ ಪಟ್ಟಿ ಎಲ್ಲಾರ ಮೊಬೈಲಿಗೂ ಬಂದ ಬರತದ: ‘ಕ್ರೂಸಿಗೆ ಹೋಗೂ ಮುಂದ ಏನೇನು ಒಯ್ಯಬೇಕು’. ಕರೀ ಚಾಳೀಸು, ಅಗಲ ಟೊಪಗಿ, ಸನ್‌ಸ್ಕ್ರೀನು, ಠೀಕಾಗಿ ಉಟ್ಟು ಊಟಕ್ಕ ಹೋಗೂ ‘ಫಾರ್ಮಲ್ ನೈಟ್’ಗೊಂದು ಸೂಟು. ಬರದವರಿಗೆ ಹುಬ್ಬಳ್ಳಿ ಗೊತ್ತಿಲ್ಲ. ಗೊತ್ತಿದ್ದರ ಮದಲನೇ ಸಾಲಿನ್ಯಾಗ ಬರೀತಿದ್ರು: ಟಿಕೀಟು ತಗಸೂ ಮದಲ ನಿಮ್ಮ ಓಣಿಗೆ ನಳಾ ಬರೂ ದಿನಾ ನೋಡ್ಕೊರಿ. ನಾಕ ರಾತ್ರಿ ಹಡಗಿನ್ಯಾಗ ಕಳದು ಬರೂದರಾಗ ನಳಾ ಬಂದು ಹೋಗಿದ್ದರ, ಮುಂದಿನ ವಾರದ ತನಕಾ ಸಿಂಟೆಕ್ಸಿನ ತಳಾ ಕೆರಕೋತ ಕೂಡಬೇಕು.

ಹಡಗು ಹತ್ತೂದು ಮುಂಬೈನ್ಯಾಗ. ಹಂಗ ನೋಡಿದ್ರ ಸಮುದ್ರ ನಮಗ ದೂರೇನಲ್ಲ, ಘಟ್ಟಾ ಇಳದ್ರ ಅಂಕೋಲಾ. ಹುಬ್ಬಳ್ಳಿ–ಅಂಕೋಲಾ ರೈಲು 1997-98ರಾಗ ಮಂಜೂರಾಗೇದ. ಅವತ್ತು ಹುಟ್ಟಿದ ಕೂಸು ಇವತ್ತು ಮದಿವಿ ಆಗಿ ಹನಿಮೂನಿಗೆ ಕ್ರೂಸ್ ಹುಡುಕ್ಲಿಕತ್ತದ. ರೈಲು ಬರಲಿಲ್ಲ ಖರೆ, ಪ್ಲಾಟ್‌ಫಾರ್ಮ್ ಮಾತ್ರ ಜಗತ್ತಿನ್ಯಾಗ ಎಲ್ಲಾಕ್ಕಿಂತ ಉದ್ದಂದು ಬಂತು. 2023ರಾಗ ಉದ್ಘಾಟನೆ, 1,507 ಮೀಟರ್. ‘ಐಕಾನ್ ಆಫ್ ದ ಸೀಸ್’ ಅನ್ನೂ ದೈತ್ಯ ಹಡಗು ಸುಮಾರು 365 ಮೀಟರ್ ಉದ್ದ. ಅಂಥಾವು ನಾಕು ಸಾಲಾಗಿ ನಿಂದ್ರಸಿದ್ರೂ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಾಗ ಇನ್ನಷ್ಟು ಜಾಗಾ ಉಳೀತದ. ಧಕ್ಕೆ ತಯಾರದ, ಸಮುದ್ರ ಬರೂದೊಂದ ಬಾಕಿ.

ಇರಲಿ, ಚೀಲಾ ಕಟ್ಟೂಣು. ದೊಡ್ಡ ಸೂಟ್‌ಕೇಸ್ ಬಂದರಿನ್ಯಾಗ ಇಸಗೊಂಡು, ತಪಾಸ ಮಾಡಿ, ಕೋಣಿ ಬಾಗಿಲಿಗೆ ತಂದಿಡೂದಕ್ಕ ತಾಸಗಟ್ಟಲೆ ಬೇಕು, ಒಮ್ಮೊಮ್ಮೆ ಸಂಜೀನ ಆಗತದ. ಬಿಪಿ-ಶುಗರ್ ಗುಳಿಗಿ, ಪಾಸ್‌ಪೋರ್ಟು, ಚಾರ್ಜರ್, ಒಂದು ಜೋಡಿ ಅರಿವಿ ಕೈಚೀಲದಾಗ ಇರಬೇಕು. ನಮ್ಮವರು ಗುಳಿಗಿ ಡಬ್ಬಿ ಸೂಟ್‌ಕೇಸಿನ ತಳದಾಗ, ಸೀರಿ ನಡುವ ಸುತ್ತಿಡತಾರ. ಹೊಟ್ಟಿ ತೊಳಸದಂಗ ತಗೊಳ್ಳೂ ಗುಳಿಗೀನೂ ಅದರಾಗ. ಆ ಗುಳಿಗಿ ಹಡಗು ಅಲುಗಾಡೂಕಿಂತ ಒಂದು ತಾಸು ಮದಲ ನುಂಗಬೇಕು. ವಾಂತಿ ಶುರುವಾದ ಮ್ಯಾಲ ನುಂಗಿದ್ರ ಅದೂ ಹೊರಗ ಬರತದ.

ನೀರು ಕಾಸೂ ಕಾಯ್ಲು, ಇಸ್ತ್ರಿಪೆಟ್ಟಿಗಿ, ಮೇಣದಬತ್ತಿ, ಊದಿನಕಡ್ಡಿ ಹಡಗಿನ್ಯಾಗ ಬಂದ್. ನಡುಸಮುದ್ರದಾಗ ಬೆಂಕಿ ಬಿತ್ತಂದ್ರ ಅಗ್ನಿಶಾಮಕದವರು ಅಮರಗೋಳದಿಂದ ಬರೂದಿಲ್ಲ. ಸರ್ಜ್ ಪ್ರೊಟೆಕ್ಟರ್ (ಕರೆಂಟು ಒಮ್ಮೆಲೇ ಏರಿದ್ರ ತಡಿಯೂದು) ಇದ್ದ ಎಕ್ಸ್‌ಟೆನ್ಶನ್ ಬೋರ್ಡೂ ಬ್ಯಾಡ. ಮನ್ಯಾಗ ಒಂದು ತಂತಿ ಫೇಸು, ಒಂದು ನ್ಯೂಟ್ರಲ್. ಹಡಗಿನ್ಯಾಗ ಬಹಳ ಸಲ ಎರಡೂ ತಂತಿಯೊಳಗ ಕರೆಂಟು ಇರತದ, ಮನಿಗೆ ಅಂತ ಮಾಡಿದ ಬೋರ್ಡು ಅಲ್ಲಿ ಕಾದು ಹೊತ್ತೂ ಭಯಾ. ಕೋಣಿ ಗ್ವಾಡಿ ಬಹುತೇಕ ಕಬ್ಬಿಣದ್ದು. ಮ್ಯಾಗ್ನೆಟ್ ಇದ್ದ ನಾಕು ಕೊಂಡಿ ಒಯ್ದ್ರ ಹಸಿ ಟಾವೆಲ್ ತೂಗ ಹಾಕಬಹುದು. ಮಳಿ ಹೊಡೀಲಿಕ್ಕೆ ಸುತ್ತಿಗಿ ಒಯ್ಯಬ್ಯಾಡ್ರಿ.

ಈಗ ಖರೇ ದುಃಖದ ಮಾತು. ಮನ್ಯಾಗ ಮಾಡಿದ ತಿನಸು ಹೆಚ್ಚಿನ ಹಡಗಿನವರು ಒಳಗ ಬಿಡೂದಿಲ್ಲ. ಸೀಲ್ ಒಡೀದ ಪ್ಯಾಕೀಟು ನಡೀತದ. ಅಂದ್ರ ಅಂಗಡಿಯೊಳಗ ಸೀಲ್ ಹಾಕಿಸಿದ ಧಾರವಾಡ ಫೇಡೆ ಪಾರು, ಅವ್ವ ಬಡದ ಕಟಕ ರೊಟ್ಟಿ ಜಪ್ತಿ. ತಿಂಗಳಗಟ್ಟಲೆ ಕೆಡಲಾರದ ರೊಟ್ಟಿ ಅದು! ಹಂಗೂ ದಾಟಿತಂತ ಇಟ್ಕೊರಿ, ಸಮುದ್ರದ ಹಸಿ ಗಾಳಿಗೆ ಎರಡನೇ ದಿನಕ್ಕ ಕಟಕ್ ಅನ್ನೂದು ಬಿಟ್ಟು ಚರ್ಮದಂಗ ಜಗ್ಗತದ. ಚುರಮುರಿ ಅಂತೂ ಡಬ್ಬಿ ಮುಚ್ಚಳಾ ತಗದ ಅರ್ಧಾ ತಾಸಿಗೆ ಮೆತ್ತಗ. ಆ ಚುರಮುರಿಲೆ ಮಾಡೂ ಗಿರಮಿಟ್ ಬ್ಯಾಸಗಿ ಒಣಹವಾದ ಆಸ್ತಿ ರೀ, ಅದಕ್ಕ ಸಮುದ್ರ ಆಗಿಬರೂದಿಲ್ಲ. ಸೀಲ್ ಇದ್ದ ಶೇಂಗಾ ಚಟ್ನಿ ಪ್ಯಾಕೀಟು ಎರಡು ಒಯ್ಯಿರಿ, ಉಪ್ಪಿಲ್ಲದ ಪಾಸ್ತಾಕ್ಕ ಉದುರಸಲಿಕ್ಕ.

ಅರಿವಿ. ಮೇ ತಿಂಗಳ ಬಿಸಲಾಗ, ಫ್ಯಾನ್ ಇಲ್ಲದ ಮಂಟಪದಾಗ, ಮೂರು ಪದರಿನ ಸೂಟು ಹಾಕ್ಕೊಂಡು ಅಕ್ಷತಾ ಕಾಯ್ದ ಗಂಡಸಿಗೆ ಫಾರ್ಮಲ್ ನೈಟ್ ಏನು ಮಹಾ? ಆ ಸೂಟಿಗೆ ಎರಡನೇ ಪ್ರಸಂಗ ಅಂತ ಒಂದು ಸಿಕ್ಕಿತಲ್ಲ! ಹೆಣ್ಣಮಕ್ಕಳು ಗೌನ್ ಹುಡಕಬ್ಯಾಡ್ರಿ. ಟೋಪತೆನಿ ಸೆರಗಿನ ಇಳಕಲ್ಲ ಸೀರಿ, ಗುಳೇದಗುಡ್ಡ ಖಣದ ಕುಪ್ಪಸದ ಮುಂದ ಗೌನ್ ಏನೂ ಅಲ್ಲ. ಪಿನ್ ಮಾತ್ರ ಎಂಟ್ಹತ್ತು ಇರಲಿ. ಹಡಗು ತಾಸಿಗೆ 35 ಕಿಲೋಮೀಟರ್ ಓಡತಿದ್ದರ, ಎಲಿ ಅಲುಗಲಾರದ ದಿನಾನೂ ಮ್ಯಾಲಿನ ಡೆಕ್ಕಿನ್ಯಾಗ ಅಷ್ಟ ವೇಗದ ಗಾಳಿ ಎದರಿಗೆ ಬರತದ. ನೀರಿಗಿ ಹಾರತಾವ, ಗಾಂಧಿ ಟೊಪಗಿ ಅರಬ್ಬಿ ಸಮುದ್ರದ ಪಾಲು. ಕೊಲ್ಹಾಪುರಿ ಚಪ್ಪಲಿ ಹಸಿ ಡೆಕ್ಕಿನ ಮ್ಯಾಲ ಜಾರತದ. ರಬ್ಬರ್ ತಳದ್ದು ಬೇಕು. ಈಜುಕೊಳಕ್ಕ ಬನಿಯನ್-ಚಡ್ಡಿ ನಡ್ಯೂದಿಲ್ಲ, ಹತ್ತಿ ಅರಿವಿ ಎಳಿ ಬಿಟ್ಟು ಫಿಲ್ಟರ್ ಕಟ್ಟತದ. ಮತ್ತ ಬಾರ್ಬಡೋಸ್, ಜಮೈಕಾ ಕಡೆ ಹೊಂಟಿದ್ರ ದುರ್ಗದಬೈಲಿನ್ಯಾಗ ಕೊಂಡ ಮಿಲಿಟರಿ ಛಾಪಿನ ಪ್ಯಾಂಟು ಮನ್ಯಾಗ ಬಿಡ್ರಿ. ಅಲ್ಲಿ ಸೈನಿಕರಲ್ಲದವರು ಅದನ್ನ ಹಾಕ್ಕೊಂಡ್ರ ಕಾನೂನು ಪ್ರಕಾರ ಅಪರಾಧ.

ಸಾಬೂನು, ಶಾಂಪೂ ಹಡಗಿನವರ ಕೊಡತಾರ. ನೀರೂ ಕೊಡತಾರ, ಇಪ್ಪತ್ನಾಕು ತಾಸು, ಬಿಸಿ ಬ್ಯಾರೆ, ತಣ್ಣಂದು ಬ್ಯಾರೆ. ಸುತ್ತ ಬರೇ ಉಪ್ಪುನೀರು. ಅದನ್ನ ಕಾಸಿ, ಸೋಸಿ, ಸಿಹಿ ಮಾಡಿ ಸಾವಿರಾರು ಮಂದಿಗೆ ಜಳಕಾ ಮಾಡಸ್ತಾರ. ನಾವು ಮಲಪ್ರಭಾ, ನೀರಸಾಗರ ಎರಡೂ ಇಟ್ಕೊಂಡು ವಾರಕ್ಕೊಮ್ಮೆ ಕೊಡಾ ಸಾಲಿಗೆ ಇಡತೀವಿ. ಮಹದಾಯಿ ನ್ಯಾಯಮಂಡಳಿ 2018ರಾಗ ಕರ್ನಾಟಕಕ್ಕ 13.42 ಟಿಎಂಸಿ ಅಂತು, ಅದರಾಗ ಮಲಪ್ರಭಾಕ್ಕ ನೀರು ತರೂ ಕಳಸಾ-ಬಂಡೂರಿಗೆ 3.9. ಅದಕ್ಕೂ ಮದಲ, 2015ರಿಂದನ, ನರಗುಂದದಾಗ ರೈತರು ಧರಣಿಗೆ ಕುಂತ್ರು. ಬಡಿಗಿ ಏಟು ತಿಂದ್ರು, ಜೇಲಿಗೆ ಹೋದ್ರು. ಚುನಾವಣಿಗೊಮ್ಮೆ ಎಲ್ಲಾ ಪಕ್ಷದವರೂ ಬಂದು ಕೈಮುಗದ್ರು. ಒಂದು ಕೊಡಾ ನೀರು ಬಂದಿಲ್ಲ. ಇದರಾಗ ನಗೂವಂಥಾದ್ದು ಏನೂ ಇಲ್ಲ, ಬ್ಯಾಸರ ಬಂದದ.

ಕಡೀ ರಾತ್ರಿ ಒಂದು ಜ್ವಾಕಿ. ಇಳಿಯೂ ಹಿಂದಿನ ರಾತ್ರಿ ಸೂಟ್‌ಕೇಸ್ ಕೋಣಿ ಹೊರಗ ಇಡ್ರಿ ಅಂತಾರ, ರಾತ್ರ್ಯಾಗ ಒಯ್ದಬಿಡತಾರ. ಹುರುಪಿನ್ಯಾಗ ಎಲ್ಲಾ ತುಂಬಿ ಇಟ್ಟವರು ಮುಂಜಾನೆ ಲುಂಗಿ ಮ್ಯಾಲ ಬಂದರಿಗೆ ಇಳೀತಾರ. ಒಂದು ಪ್ಯಾಂಟು, ಒಂದು ಅಂಗಿ ಕೈಚೀಲದಾಗ ಉಳಸ್ಕೊರಿ. ಮನಿ ಕೀಲಿ ಅದರಾಗ ಹುಡಕಬ್ಯಾಡ್ರಿ. ಅದನ್ನ ಹೊಂಡೂ ದಿನಾನ ಬಾಜೂ ಮನಿ ಕಾಕೂನ ಕೈಯಾಗ ಕೊಟ್ಟು ಬಂದಿರಬೇಕು, ನಳಾ ಬಂದ್ರ ಮೋಟಾರ್ ಹಚ್ಚಲಿಕ್ಕ.